ಮನಸ್ಸಿನ ಏರಿಳಿತದ ಕಾಯಿಲೆ: ಗುರುತು ಮತ್ತು ಮನೆಯ ಆರೈಕೆ

(ಕಬ್ಬು ಬೆಳೆಗಾರ ಸದಸ್ಯರ ಸಭೆಯಲ್ಲಿ ವೈದ್ಯರೊಬ್ಬರು ಮಾಡಿದ ಭಾಷಣದ ಪಾಠ)



ಈ ಸಭೆಗಳಲ್ಲಿ ತಾವು ಸಾಮಾನ್ಯವಾಗಿ ಕೇಳುವುದು ತಳಿ, ಗೊಬ್ಬರ, ಕೂಳೆ ಕಬ್ಬಿನ ಆರೈಕೆ, ಕಟಾವಿನ ಸರದಿ ಇವುಗಳ ವಿಷಯ. ಇಂದು ಬೇಸಾಯ ಮಾಡುವ ಮನುಷ್ಯನ ಮನಸ್ಸಿನ ವಿಷಯ ಮಾತನಾಡಬೇಕೆಂದು ನನ್ನನ್ನು ಕರೆದಿದ್ದಾರೆ. ಕಬ್ಬಿಗೆ ಕೆಂಪು ಕೊಳೆ ರೋಗ ಬಂದರೆ ಅದನ್ನು ಫೀಲ್ಡ್‌ಮನ್ನರಿಗೆ ತೋರಿಸಲು ನಾವು ನಾಚುವುದಿಲ್ಲ. ಮನೆಗೆ ಬಂದ ಮನಸ್ಸಿನ ರೋಗವನ್ನು ಮಾತ್ರ ಬಾಗಿಲು ಮುಚ್ಚಿ ಒಳಗಿಟ್ಟುಕೊಳ್ಳುತ್ತೇವೆ. ಹಾಗೆ ಮುಚ್ಚಿಟ್ಟ ಮನೆಗಳಲ್ಲಿ ಜಮೀನು ಹೋದದ್ದುಂಟು, ಪ್ರಾಣ ಹೋದದ್ದೂ ಉಂಟು.

ಈ ಕಾಯಿಲೆಗೆ ವೈದ್ಯರು ಬೈಪೋಲಾರ್ ಎನ್ನುತ್ತಾರೆ. ಕನ್ನಡದಲ್ಲಿ ದ್ವಿಧ್ರುವ ಮನೋವ್ಯಾಧಿ ಎಂದು ಬರೆಯುತ್ತಾರೆ. ಹಿಂದೆ ಉನ್ಮಾದ-ಖಿನ್ನತೆಯ ಕಾಯಿಲೆ ಎಂದು ಹೇಳುತ್ತಿದ್ದರು. ನಾನು ಇಲ್ಲಿ ಏರಿಳಿತದ ಕಾಯಿಲೆ ಎಂದೇ ಕರೆಯುತ್ತೇನೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ ತಮಿಳುನಾಡೂ ಸೇರಿ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಸಿತು. ಸಾವಿರ ವಯಸ್ಕರಲ್ಲಿ ಸುಮಾರು 5 ಜನರಿಗೆ ಜೀವಮಾನದಲ್ಲಿ ಎಂದಾದರೊಮ್ಮೆ ಈ ಕಾಯಿಲೆ ಬಂದಿರುತ್ತದೆ ಎಂದು ಅದರಲ್ಲಿ ಕಂಡುಬಂತು. ಕಾಯಿಲೆ ಇದ್ದವರಲ್ಲಿ ನೂರಕ್ಕೆ ಸುಮಾರು 70 ಜನ ಚಿಕಿತ್ಸೆಯಿಲ್ಲದೆ ಇದ್ದರು. ಹತ್ತು ಸಾವಿರ ವಯಸ್ಕರಿರುವ ನಾಲ್ಕೈದು ಊರುಗಳನ್ನು ತೆಗೆದುಕೊಂಡರೆ ಸುಮಾರು 50 ಜನ. ಅಂದರೆ ತಮಗೆಲ್ಲ ಪರಿಚಯವಿರುವ ಯಾರೋ ಒಬ್ಬರು.

ಒಬ್ಬ ಸದಸ್ಯರನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳೋಣ. ಹೆಸರು ಬೇಡ. ಮೂವತ್ತರ ಆಸುಪಾಸು, ನಾಲ್ಕು ಎಕರೆ ಕಬ್ಬು, ಮಿತವಾಗಿ ಮಾತನಾಡುವ ಮನುಷ್ಯ. ಹಂಗಾಮಿನಲ್ಲಿ ಒಂದು ವಾರ ಸರಿಯಾಗಿ ಮಲಗಲಿಲ್ಲ. ಆಮೇಲೆ ಕೆಲಸ ಮುಗಿದರೂ ನಿದ್ರೆ ಬರಲಿಲ್ಲ, ಬೇಕು ಎಂದೂ ಅನ್ನಿಸಲಿಲ್ಲ. ರಾತ್ರಿ ಎರಡು ಗಂಟೆಗೆ ಎದ್ದು ಬದು ಕಡಿಯುತ್ತಾನೆ. ಬೆಳಿಗ್ಗೆ ಪೇಟೆಗೆ ಹೋಗಿ ಟ್ರ್ಯಾಕ್ಟರಿಗೆ ಮುಂಗಡ ಕೊಡುತ್ತಾನೆ, ಒಂದೇ ದಿನ ಎರಡು ಬೋರ್‌ವೆಲ್‌ಗೆ ಮಾತು ಕೊಡುತ್ತಾನೆ. ಗೆಳೆಯನ ಸಾಲಕ್ಕೆ ಜಾಮೀನು ಹಾಕುತ್ತಾನೆ. ಮಾತು ನಿಲ್ಲುವುದಿಲ್ಲ, ಒಂದರಿಂದ ಇನ್ನೊಂದಕ್ಕೆ ಹಾರುತ್ತದೆ. ತಡೆದರೆ ಸಿಡುಕು. ಊರಿನವರು ‘ಹುಡುಗ ಈಗ ಚುರುಕಾಗಿದ್ದಾನೆ’ ಎಂದು ಮೆಚ್ಚುತ್ತಾರೆ. ಹೆಂಡತಿ ಮಾತ್ರ ಗಂಡನ ಅಣ್ಣನ ಬಳಿ ಹೋಗಿ, “ಭಾವಾ, ನಾಲ್ಕು ರಾತ್ರಿಯಿಂದ ಇವರು ಕಣ್ಣು ಮುಚ್ಚಿಲ್ಲ, ಆದರೂ ಒಂದಿಷ್ಟೂ ದಣಿದಿಲ್ಲ, ನನಗೆ ಭಯವಾಗುತ್ತೆ” ಎನ್ನುತ್ತಾಳೆ. ಅಷ್ಟೂ ಜನರಲ್ಲಿ ಕಾಯಿಲೆಯನ್ನು ಕಂಡವಳು ಅವಳೊಬ್ಬಳೇ.

ಕೆಲವು ತಿಂಗಳಾದ ಮೇಲೆ ಅದೇ ಮನುಷ್ಯ ಮಂಚ ಬಿಟ್ಟು ಏಳುವುದಿಲ್ಲ. ಕಟ್ಟಿಂಗ್ ಆರ್ಡರ್ ಬಂದರೆ ನೋಡುವುದಿಲ್ಲ. ಕೂಳೆಗೆ ನೀರಿಲ್ಲ, ಮುದ್ದೆ ಗಂಟಲಲ್ಲಿ ಇಳಿಯುವುದಿಲ್ಲ. ಏರಿದಾಗ ಮಾಡಿದ ಸಾಲ ಈಗ ಎದೆಯ ಮೇಲೆ ಕೂತಿರುತ್ತದೆ. ‘ನಾನಿದ್ದು ಯಾರಿಗೇನು ಪ್ರಯೋಜನ’ ಎಂಬ ಮಾತು ಬಾಯಿಗೆ ಬರುತ್ತದೆ. ಊರಿನವರು ಈಗ ‘ಸೋಮಾರಿಯಾದ’ ಎನ್ನುತ್ತಾರೆ, ಇಲ್ಲವೇ ಯಾರೋ ಮಾಟ ಮಾಡಿಸಿದ್ದಾರೆ ಎನ್ನುತ್ತಾರೆ.

ಎಕರೆಗೆ 50 ಟನ್ ಬಂದರೆ ಯಾರಿಗೇ ಆಗಲಿ ಖುಷಿಯಾಗುತ್ತದೆ, ಮಳೆ ಕೈಕೊಟ್ಟರೆ ಯಾರಿಗೇ ಆಗಲಿ ಮನಸ್ಸು ಮುದುಡುತ್ತದೆ. ಅದು ಕಾಯಿಲೆಯಲ್ಲ. ಮನಸ್ಸು ಮತ್ತು ಮೈ ಎರಡೂ ಒಟ್ಟಿಗೆ ಏರಿ, ಒಂದು ವಾರದಷ್ಟು ಕಾಲ ಹಾಗೆಯೇ ನಿಂತು, ನಿದ್ರೆ ಕಡಿಮೆಯಾದರೂ ಶಕ್ತಿ ಹೆಚ್ಚುತ್ತಾ, ಮನುಷ್ಯ ತನ್ನ ಹಿಂದಿನ ನಡವಳಿಕೆಗೆ ಸಂಬಂಧವೇ ಇಲ್ಲದಂತೆ ನಡೆದುಕೊಂಡರೆ ಅದು ಉನ್ಮಾದ. ಇದರ ಸೌಮ್ಯ ರೂಪವೂ ಉಂಟು. ನಾಲ್ಕು ದಿನ ಇದ್ದರೂ ಅದನ್ನು ಲೆಕ್ಕಕ್ಕೆ ಹಿಡಿಯಬೇಕು. ಖಿನ್ನತೆಗೆ ಎರಡು ವಾರದ ಲೆಕ್ಕ. ಕೆಲವರಲ್ಲಿ ಎರಡೂ ಬೆರೆತು ಬರುತ್ತದೆ: ಮನಸ್ಸಿನಲ್ಲಿ ಕತ್ತಲೆ, ಮೈಯಲ್ಲಿ ಚಡಪಡಿಕೆ. ಪ್ರಾಣಕ್ಕೆ ಅದು ಬಹಳ ಅಪಾಯದ ಕಾಲ, ಮನೆಯವರು ಒಂಟಿಯಾಗಿ ಬಿಡಬಾರದು. ಸಾಮಾನ್ಯವಾಗಿ ಕಾಯಿಲೆ ಹದಿನೆಂಟರಿಂದ ಮೂವತ್ತರೊಳಗೆ ಮೊದಲು ಕಾಣಿಸಿಕೊಳ್ಳುತ್ತದೆ. ಕೆಲವು ವಂಶಗಳಲ್ಲಿ ಹೆಚ್ಚು. ಆದರೂ ಕಾಯಿಲೆಯವರ ಮಕ್ಕಳಲ್ಲಿ ಹೆಚ್ಚಿನವರಿಗೆ ಅದು ಬರುವುದಿಲ್ಲ. ಹೆಣ್ಣು ಕೊಡುವ ತರುವ ಮಾತಿನಲ್ಲಿ ಇದನ್ನು ದೊಡ್ಡದು ಮಾಡುವವರು ಇದನ್ನು ತಿಳಿದಿರಬೇಕು.

ಬಹಳ ಜನರಿಗೆ ಇಳಿತವೇ ಮೊದಲು ಬರುತ್ತದೆ, ಆಗಲೇ ವೈದ್ಯರ ಬಳಿಗೆ ಬರುತ್ತಾರೆ. ಏರಿದಾಗ ಯಾರೂ ಬರುವುದಿಲ್ಲ, ಏಕೆಂದರೆ ಆಗ ಅವರಿಗೆ ‘ಇಷ್ಟು ಆರೋಗ್ಯ ಎಂದೂ ಇರಲಿಲ್ಲ’ ಎನ್ನಿಸುತ್ತಿರುತ್ತದೆ. ಇಳಿತ ಒಂದನ್ನೇ ಕೇಳಿ ಖಿನ್ನತೆಯ ಮಾತ್ರೆ ಮಾತ್ರ ಕೊಟ್ಟರೆ ಕೆಲವರಿಗೆ ಅದು ಉನ್ಮಾದಕ್ಕೆ ತಿರುಗಬಹುದು. ಆದ್ದರಿಂದ ‘ಹಿಂದೆ ಎಂದಾದರೂ ನಿದ್ರೆಯಿಲ್ಲದೆ, ದಣಿವಿಲ್ಲದೆ ಮೆರೆದ ಕಾಲವಿತ್ತೇ’ ಎಂಬುದನ್ನು ವೈದ್ಯರು ಕೇಳದಿದ್ದರೂ ಮನೆಯವರು ಹೇಳಬೇಕು.

ಈಗ ನಿದ್ರೆಯ ಮಾತಿಗೆ ಬರುತ್ತೇನೆ. ಇಂದು ನಾನು ಹೇಳುವುದರಲ್ಲಿ ತಾವು ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. 1987ರಲ್ಲಿ ಅಮೆರಿಕದ ಥಾಮಸ್ ವೆರ್ ಎಂಬ ವೈದ್ಯರೂ ಅವರ ಸಂಗಡಿಗರೂ ಒಂದು ವಿಚಾರವನ್ನು ಮುಂದಿಟ್ಟರು. ದುಃಖ, ಪ್ರಯಾಣ, ಹೆರಿಗೆ, ರಾತ್ರಿ ಕೆಲಸ, ಔಷಧ ಹೀಗೆ ಉನ್ಮಾದವನ್ನು ಎಬ್ಬಿಸುವ ಕಾರಣಗಳು ಹಲವು. ಆದರೆ ಅವುಗಳಲ್ಲಿ ಬಹಳಷ್ಟು ನಿದ್ರೆಗೇಡು ಎಂಬ ಒಂದೇ ಬಾಗಿಲಿನಿಂದ ಒಳಗೆ ಬರುತ್ತವೆ ಎಂಬುದು ಅವರ ವಾದ. ನಿದ್ರೆ ಕೆಟ್ಟರೆ ಮನಸ್ಸು ಏರುತ್ತದೆ, ಏರಿದ ಮನಸ್ಸು ನಿದ್ರೆಯನ್ನು ಇನ್ನಷ್ಟು ಕೆಡಿಸುತ್ತದೆ. ಹೀಗೆ ಅದು ತಾನೇ ತಾನಾಗಿ ಸುತ್ತುತ್ತದೆ. ಆದುದರಿಂದ ನಿದ್ರೆಯು ಕಾಯಿಲೆಯ ಮೊದಲ ಗುರುತೂ ಹೌದು, ಮನೆಯಲ್ಲಿ ನಾವು ಹಿಡಿಯಬಹುದಾದ ಮೊದಲ ಹಗ್ಗವೂ ಹೌದು.

ಕಬ್ಬು ಬೆಳೆಯುವವರ ಬದುಕಿನಲ್ಲಿ ನಿದ್ರೆಗೆ ಎಲ್ಲೆಲ್ಲಿ ಪೆಟ್ಟು ಬೀಳುತ್ತದೆ ಎಂಬುದನ್ನು ತಮಗೆ ನಾನು ಹೇಳಬೇಕಿಲ್ಲ. ರಾತ್ರಿ ನೀರು ಹಾಯಿಸುವುದು, ಕಟಾವಿನ ಆಳುಗಳಿಗೆ ಹೊತ್ತಿಗೆ ಮುಂಚೆ ಎದ್ದು ಹೊಂದಿಸುವುದು, ಲೋಡು ತುಂಬಿದ ಗಾಡಿಯ ಜೊತೆ ಕಾರ್ಖಾನೆಯ ಯಾರ್ಡಿನಲ್ಲಿ ತೂಕದ ಸರದಿಗಾಗಿ ಕಾಯುವುದು, ಕಾಯುವಾಗ ಲೋಟದ ಮೇಲೆ ಲೋಟ ಚಹಾ. ಸಾಮಾನ್ಯ ಮನುಷ್ಯನಿಗೆ ಇದು ಆಯಾಸ ಮಾತ್ರ, ಎರಡು ದಿನ ಮಲಗಿದರೆ ತೀರುತ್ತದೆ. ಏರಿಳಿತದ ಕಾಯಿಲೆ ಇರುವವನಿಗೆ ಇಂತಹ ಮೂರು ರಾತ್ರಿಗಳು ಆರು ತಿಂಗಳ ಕಷ್ಟವನ್ನು ತಂದಿಡಬಲ್ಲವು. ಅಂಥ ಸದಸ್ಯನ ಗಾಡಿಯೊಡನೆ ತಮ್ಮನೋ ಮಗನೋ ಹೋಗಲಿ. ರಾತ್ರಿ ನೀರಿನ ಸರದಿಯನ್ನು ಪಕ್ಕದ ಹೊಲದವರೊಡನೆ ಹಗಲಿಗೆ ಬದಲಾಯಿಸಿಕೊಳ್ಳಲಿ. ಇದಕ್ಕೆ ಕಾಯಿಲೆಯ ಹೆಸರು ಹೇಳಲೇಬೇಕೆಂದಿಲ್ಲ. ‘ಡಾಕ್ಟರು ರಾತ್ರಿ ಕೆಲಸ ಬೇಡ ಅಂದಿದ್ದಾರೆ’ ಎಂದರೆ ಸಾಕು.

2005ರಲ್ಲಿ ಪಿಟ್ಸ್‌ಬರ್ಗಿನ ಎಲೆನ್ ಫ್ರಾಂಕ್ ಎಂಬ ಮನಶ್ಶಾಸ್ತ್ರಜ್ಞೆ ಮತ್ತು ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದರು. ಔಷಧದ ಜೊತೆಗೆ ದಿನಚರಿಯ ಹೊತ್ತುಗಳನ್ನು ಕ್ರಮಪಡಿಸಲು ಕಲಿಸಿದಾಗ ಮುಂದಿನ ಕಂತು ಹೆಚ್ಚು ಕಾಲ ದೂರ ಉಳಿಯಿತು. ಅವರು ಗಮನಿಸಲು ಹೇಳುವುದು ಐದೇ ಹೊತ್ತುಗಳನ್ನು: ಹಾಸಿಗೆ ಬಿಟ್ಟೇಳುವುದು, ಇನ್ನೊಬ್ಬರೊಡನೆ ಮೊದಲು ಮಾತಾಡುವುದು, ಕೆಲಸಕ್ಕೆ ಕೈ ಹಾಕುವುದು, ರಾತ್ರಿ ಊಟ, ಮಲಗುವುದು. ಈ ಐದು ದಿನವೂ ಹೆಚ್ಚು ಕಡಿಮೆ ಅದದೇ ಹೊತ್ತಿಗೆ ನಡೆಯಬೇಕು. ನಮ್ಮ ಹಿರಿಯರ ದಿನ ಕೋಳಿ ಕೂಗಿನಿಂದ ದೀಪ ಹಚ್ಚುವ ತನಕ ಹೀಗೆಯೇ ನಡೆಯುತ್ತಿತ್ತು. ಅದನ್ನು ಮುರಿದದ್ದು ವಿದ್ಯುತ್ ದೀಪ, ಈಗ ಮುರಿಯುತ್ತಿರುವುದು ಕೈಯಲ್ಲಿರುವ ಮೊಬೈಲು. ನಾರ್ವೆ ದೇಶದಲ್ಲಿ 2016ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಉನ್ಮಾದ ಏರಿದ್ದ ರೋಗಿಗಳಿಗೆ ಔಷಧದ ಜೊತೆಗೆ ಸಂಜೆ ಆರರಿಂದ ಬೆಳಿಗ್ಗೆ ಎಂಟರವರೆಗೆ ನೀಲಿ ಬೆಳಕನ್ನು ತಡೆಯುವ ಕಿತ್ತಳೆ ಬಣ್ಣದ ಕನ್ನಡಕ ಹಾಕಿಸಿದರು. ಒಂದು ವಾರದೊಳಗೆ ಲಕ್ಷಣಗಳು ಬಹಳ ಇಳಿದವು. ಪ್ರಯೋಗ ಚಿಕ್ಕದು, ಇಪ್ಪತ್ತು ಚಿಲ್ಲರೆ ಜನ. ಆದರೆ ಕತ್ತಲೆಗೆ ಖರ್ಚಿಲ್ಲ. ಸಂಜೆಯಾದ ಮೇಲೆ ಮಲಗುವ ಕೋಣೆಯ ದೀಪ ಮಂದವಾಗಿರಲಿ, ಮೊಬೈಲು ಬೇರೆ ಕೋಣೆಯಲ್ಲಿರಲಿ, ಮಧ್ಯಾಹ್ನದ ಮೇಲೆ ಕಾಫಿ ಚಹಾ ಬೇಡ. ಸಾರಾಯಿಯಂತೂ ಬೇಡವೇ ಬೇಡ. ಅದು ನಿದ್ರೆ ತರಿಸಿದಂತೆ ಮಾಡಿ ನಡುರಾತ್ರಿಯಲ್ಲಿ ಎಬ್ಬಿಸುತ್ತದೆ.

ಮನೆಯಲ್ಲಿ ಒಂದು ಕ್ಯಾಲೆಂಡರ್ ತೂಗುಹಾಕಿ, ಮಲಗಿದ ಹೊತ್ತು, ಎದ್ದ ಹೊತ್ತು ಎರಡನ್ನು ಮಾತ್ರ ಪೆನ್ಸಿಲಿನಲ್ಲಿ ಬರೆಯಿರಿ. ಕಂತು ಬರುವ ಮುಂಚೆ ನಿದ್ರೆ ಆರು ಗಂಟೆಯಿಂದ ಐದಕ್ಕೆ, ಐದರಿಂದ ಮೂರಕ್ಕೆ ಇಳಿಯುವುದು ಅದರಲ್ಲಿ ಕಾಣುತ್ತದೆ. ಸತತ ಎರಡು ರಾತ್ರಿ ನಿದ್ರೆ ಅರ್ಧಕ್ಕಿಳಿದು ಹಗಲು ದಣಿವೂ ಇಲ್ಲದಿದ್ದರೆ ಮೂರನೇ ರಾತ್ರಿಗೆ ಕಾಯದೆ ವೈದ್ಯರಿಗೆ ತಿಳಿಸಬೇಕು. ಆಗ ಮಾತ್ರೆಯ ಪ್ರಮಾಣವನ್ನು ಸ್ವಲ್ಪ ಸರಿಪಡಿಸುವುದರಲ್ಲೇ ಕೆಲಸ ಮುಗಿಯಬಹುದು. ವಾರ ಬಿಟ್ಟರೆ ನಾಲ್ಕು ಜನ ಹಿಡಿದು ಕರೆತರಬೇಕಾದೀತು.

ಮಾತ್ರೆಯ ವಿಷಯಕ್ಕೆ ಬರೋಣ. ದಿನಚರಿ, ಪಥ್ಯ, ಯೋಗ, ಪೂಜೆ ಇವೆಲ್ಲ ಔಷಧದ ಪಕ್ಕದಲ್ಲಿ ನಿಲ್ಲಬೇಕಾದವು, ಔಷಧದ ಜಾಗದಲ್ಲಿ ಅಲ್ಲ. ಈ ಕಾಯಿಲೆಯ ಹಳೆಯ ಔಷಧ ಲಿಥಿಯಂ. ಅದು ಕಲ್ಲಿನಲ್ಲಿ, ನೀರಿನಲ್ಲಿ ಸಿಗುವ ಒಂದು ಧಾತು, ನಮ್ಮ ಅಡಿಗೆಯ ಉಪ್ಪಿನ ಹತ್ತಿರದ ಬಳಗ. 1949ರಲ್ಲಿ ಆಸ್ಟ್ರೇಲಿಯದ ಜಾನ್ ಕೇಡ್ ಎಂಬ ವೈದ್ಯರು ಅದು ಉನ್ಮಾದವನ್ನು ಇಳಿಸುವುದನ್ನು ಕಂಡು ಪ್ರಕಟಿಸಿದರು. ಏರಿಳಿತ ಎರಡನ್ನೂ ತಡೆಯುವುದಲ್ಲದೆ ಆತ್ಮಹತ್ಯೆಯನ್ನು ಕಡಿಮೆ ಮಾಡುತ್ತದೆ ಎಂಬುದಕ್ಕೆ ಒಳ್ಳೆಯ ಆಧಾರವಿರುವ ಔಷಧವೂ ಅದೇ. ಆದರೆ ಅದಕ್ಕೆ ಅಳತೆ ಬಹಳ ಬಿಗಿ. ರಕ್ತದಲ್ಲಿ ಸಾಧಾರಣವಾಗಿ 0.6ರಿಂದ 1.0ರೊಳಗೆ ಇರಬೇಕು. ಕಡಿಮೆಯಾದರೆ ಫಲವಿಲ್ಲ, ಹೆಚ್ಚಾದರೆ ವಿಷ.

ಇಲ್ಲಿ ಹೊಲದ ಕೆಲಸದವರು ಕಿವಿಗೊಟ್ಟು ಕೇಳಬೇಕಾದ ಸಂಗತಿ ಇದೆ. ಮೂತ್ರಪಿಂಡವು ಲಿಥಿಯಂ ಮತ್ತು ಉಪ್ಪು ಎರಡನ್ನೂ ಒಂದೇ ದಾರಿಯಲ್ಲಿ ನಡೆಸುತ್ತದೆ. ಮೈಯಲ್ಲಿ ಉಪ್ಪು, ನೀರು ಕಡಿಮೆಯಾದರೆ ಅದು ಉಪ್ಪನ್ನು ಹಿಡಿದಿಡಲು ಹೋಗಿ ಜೊತೆಗೆ ಲಿಥಿಯಂನ್ನೂ ಹಿಡಿದಿಡುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ ಧರ್ಮಪುರಿಯ ಬಿಸಿಲಿನಲ್ಲಿ ದಿನವಿಡೀ ಕಬ್ಬಿನ ಗರಿ ಸುಲಿದು ಬೆವರು ಹರಿಸಿ ನೀರು ಕುಡಿಯದಿದ್ದರೆ, ಮಾತ್ರೆ ಅಷ್ಟೇ ಇದ್ದರೂ ರಕ್ತದಲ್ಲಿ ಮಟ್ಟ ಏರುತ್ತದೆ. ವಾಂತಿ ಭೇದಿಯಾದರೂ ಹಾಗೆಯೇ. ಆದ್ದರಿಂದ ಬಿಸಿಲಿನ ಕೆಲಸದಲ್ಲಿ ಆಗಾಗ ನೀರು ಕುಡಿಯಬೇಕು, ದಿನವೂ ಕುಡಿಯುವ ಉಪ್ಪು ಹಾಕಿದ ಮಜ್ಜಿಗೆ, ಅಂಬಲಿ ಬಿಡಬಾರದು. ಊಟದ ಉಪ್ಪನ್ನು ಇದ್ದಕ್ಕಿದ್ದಂತೆ ಬಿಡುವುದೂ ಬೇಡ, ಹೆಚ್ಚಿಸುವುದೂ ಬೇಡ, ಯಾವಾಗಲೂ ಒಂದೇ ಅಳತೆ ಇರಲಿ. ಸೊಂಟನೋವಿಗೆ ಅಂಗಡಿಯಿಂದ ತರುವ ಡೈಕ್ಲೊಫೆನಾಕ್, ಐಬುಪ್ರೊಫೆನ್ ಮಾತ್ರೆಗಳೂ ರಕ್ತದೊತ್ತಡದ ಕೆಲವು ಮಾತ್ರೆಗಳೂ ಲಿಥಿಯಂ ಮಟ್ಟವನ್ನು ಏರಿಸುತ್ತವೆ. ನೋವಿಗೆ ಪ್ಯಾರಾಸಿಟಮಾಲ್ ವಾಸಿ. ಕೈ ಒರಟಾಗಿ ನಡುಗಿದರೆ, ನಡಿಗೆ ತೂರಾಡಿದರೆ, ನಾಲಿಗೆ ತೊದಲಿದರೆ, ವಾಂತಿ ಭೇದಿ ಹಿಡಿದರೆ ಕುಡಿದಿದ್ದಾನೆಂದು ಬೈಯಬೇಡಿ. ಮಾತ್ರೆ ನಿಲ್ಲಿಸಿ ಅದೇ ದಿನ ಆಸ್ಪತ್ರೆಗೆ ಕರೆತನ್ನಿ. ಹೀಗಲ್ಲದೆ, ಚೆನ್ನಾಗಿದ್ದೇನೆಂದು ತಾನಾಗಿಯೇ ಮಾತ್ರೆ ಬಿಡುವುದು ಕೂಡದು. ಥಟ್ಟನೆ ಬಿಟ್ಟರೆ ಉನ್ಮಾದ ಬೇಗ ಮರುಕಳಿಸುತ್ತದೆ. ರಕ್ತ ಪರೀಕ್ಷೆಗೆ ರಾತ್ರಿ ಮಾತ್ರೆ ತೆಗೆದುಕೊಂಡ ಹನ್ನೆರಡು ಗಂಟೆಯ ಮೇಲೆ, ಬೆಳಗಿನ ಮಾತ್ರೆಗೆ ಮುಂಚೆ ಬರಬೇಕು. ಆರು ತಿಂಗಳಿಗೊಮ್ಮೆ ಥೈರಾಯ್ಡ್, ಮೂತ್ರಪಿಂಡದ ಪರೀಕ್ಷೆಯೂ ಆಗಬೇಕು.

ತಾಯಂದಿರಿಗೆ ಎರಡು ಮಾತು. ವಾಲ್‌ಪ್ರೊಯೇಟ್ ಎಂಬ ಮಾತ್ರೆ ಗರ್ಭದ ಶಿಶುವಿಗೆ ಹಾನಿ ಮಾಡುತ್ತದೆ. ಮಕ್ಕಳಾಗುವ ವಯಸ್ಸಿನ ಹೆಣ್ಣುಮಗಳಿಗೆ ಅದನ್ನು ಬರೆದಿದ್ದರೆ ವೈದ್ಯರನ್ನು ಕೇಳಿ ಬದಲಾಯಿಸಿಕೊಳ್ಳಬೇಕು, ತಾವಾಗಿ ನಿಲ್ಲಿಸಬಾರದು. ಹೆರಿಗೆಯಾದ ಮೊದಲ ಕೆಲವು ವಾರಗಳು ಈ ಕಾಯಿಲೆಯವರಿಗೆ ಅತ್ಯಂತ ಅಪಾಯದ ಕಾಲ. ಬಾಣಂತಿ ನಿದ್ರೆಯಿಲ್ಲದೆ ಅಸಂಬದ್ಧ ಮಾತನಾಡಿದರೆ ‘ಗಾಳಿ ಸೋಕಿದೆ’ ಎಂದು ಯಂತ್ರ ಕಟ್ಟಿಸಿಕೊಂಡು ಕೂರಬೇಡಿ. ರಾತ್ರಿ ಮಗುವನ್ನು ಅಜ್ಜಿಯೋ ಅತ್ತೆಯೋ ನೋಡಿಕೊಂಡು ಬಾಣಂತಿಯನ್ನು ಮಲಗಿಸಬೇಕು, ಬೆಳಿಗ್ಗೆ ಆಸ್ಪತ್ರೆಗೆ ಕರೆತರಬೇಕು.

ನಾಟಿ ಔಷಧದ ಬಗ್ಗೆ ಕೇಳುವವರು ಬಹಳ. ಗಿಡಮೂಲಿಕೆ ಎಂದರೆ ಕೆಲಸ ಮಾಡದು ಎಂದು ನಾನು ಹೇಳುವುದಿಲ್ಲ. ಸರ್ಪಗಂಧಿಯ ಬೇರು ಉನ್ಮಾದವನ್ನು ಶಾಂತಗೊಳಿಸುವುದೆಂದು 1931ರಲ್ಲಿಯೇ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ವೈದ್ಯ ಪತ್ರಿಕೆಯಲ್ಲಿ ಬರೆದರು, 1952ರಲ್ಲಿ ಅದರ ಸಾರವಾದ ರೆಸರ್ಪೀನನ್ನು ಸ್ವಿಟ್ಜರ್ಲೆಂಡಿನಲ್ಲಿ ಬೇರ್ಪಡಿಸಿದರು. ಆದರೆ ಅದೇ ಔಷಧದಿಂದ ಕೆಲವರು ಖಿನ್ನತೆಗೆ ಜಾರಿದ ವರದಿಗಳೂ ಬಂದವು. ಕೆಲಸ ಮಾಡುವ ಬೇರಿಗೆ ಕೆಡುಕು ಮಾಡುವ ಶಕ್ತಿಯೂ ಇರುತ್ತದೆ. ಅಶ್ವಗಂಧವು ಥೈರಾಯ್ಡ್ ಮೇಲೆ ಪ್ರಭಾವ ಬೀರಬಲ್ಲದು. ಮೂತ್ರ ಹೆಚ್ಚಿಸುವ ಕಷಾಯಗಳು ಲಿಥಿಯಂ ತೆಗೆದುಕೊಳ್ಳುವವರಿಗೆ ಸಲ್ಲವು. ಯಾವ ಪುಡಿ, ಯಾವ ಲೇಹ್ಯ ಎಂದು ಮುಚ್ಚಿಡದೆ ಡಬ್ಬಿ ಸಮೇತ ವೈದ್ಯರಿಗೆ ತೋರಿಸಿ. ಯೋಗಾಸನ, ನಿಧಾನದ ಉಸಿರಾಟ, ಬೆಳಗಿನ ನಡಿಗೆ ಒಳ್ಳೆಯದು. ಮನಸ್ಸು ಏರಿರುವಾಗ ಕಪಾಲಭಾತಿ, ಭಸ್ತ್ರಿಕದಂಥ ವೇಗದ ಉಸಿರಾಟ ಬೇಡ.

ದೇವರ ಸನ್ನಿಧಿಗೆ ಹೋಗಬೇಡಿ ಎಂದೂ ಹೇಳಲಾರೆ. 2002ರಲ್ಲಿ ನಿಮ್ಹಾನ್ಸ್‌ನ ಡಾ. ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನ ಮುತ್ತುಸ್ವಾಮಿ ದೇವಸ್ಥಾನವೊಂದರಲ್ಲಿ ತಂಗಿದ್ದ 31 ಮಾನಸಿಕ ರೋಗಿಗಳ ಅಧ್ಯಯನವನ್ನು ಪ್ರಕಟಿಸಿದರು. ಸರಾಸರಿ ಆರು ವಾರ ಅಲ್ಲಿದ್ದವರ ಲಕ್ಷಣಗಳು ಸುಮಾರು ಐದನೇ ಒಂದು ಭಾಗದಷ್ಟು ಇಳಿದಿದ್ದವು. ಅಲ್ಲಿ ವಿಶೇಷ ಮಂತ್ರ ತಂತ್ರವಿರಲಿಲ್ಲ. ಮನೆಯವರು ಜೊತೆಗಿದ್ದರು, ಯಾರೂ ಹಂಗಿಸುತ್ತಿರಲಿಲ್ಲ, ಸಣ್ಣಪುಟ್ಟ ಕೆಲಸ ಕೊಡುತ್ತಿದ್ದರು. ಆದರೆ ಆ 31 ಜನರಲ್ಲಿ ಏರಿಳಿತದ ಕಾಯಿಲೆಯವರು ಇಬ್ಬರೇ ಎಂಬುದನ್ನೂ ಹೇಳಬೇಕು. ಇದಕ್ಕೆ ವಿರುದ್ಧವಾದದ್ದನ್ನೂ ನಮ್ಮ ರಾಜ್ಯವೇ ಕಂಡಿದೆ. 2001ರ ಆಗಸ್ಟ್ 6ರಂದು ರಾಮನಾಥಪುರ ಜಿಲ್ಲೆಯ ಏರ್ವಾಡಿಯಲ್ಲಿ ಸರಪಳಿಯಲ್ಲಿ ಕಟ್ಟಿಹಾಕಿದ್ದ ರೋಗಿಗಳು ಬೆಂಕಿಗೆ ಸಿಕ್ಕಿ 28 ಜನ ಸತ್ತರು. 2017ರ ಮಾನಸಿಕ ಆರೋಗ್ಯ ಕಾಯಿದೆ ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು ನಿಷೇಧಿಸಿದೆ. ಮಾದಪ್ಪನ ಬೆಟ್ಟಕ್ಕೆ ಹರಕೆ ಹೊತ್ತವರು ಹೋಗಿ ಬನ್ನಿ. ಮಾತ್ರೆಯನ್ನು ಗಂಟಿನಲ್ಲಿ ಕಟ್ಟಿಕೊಳ್ಳಿ, ರಾತ್ರಿಯೆಲ್ಲ ಭಜನೆಗೆ ಎಚ್ಚರವಿರಬೇಡಿ, ಲಿಥಿಯಂ ತೆಗೆದುಕೊಳ್ಳುವವರು ನೀರೂ ಬಿಡುವ ಉಪವಾಸ ಮಾಡಬೇಡಿ.

ಹಣದ ವಿಷಯವನ್ನು ಕಾಯಿಲೆ ಶಾಂತವಾಗಿರುವಾಗಲೇ ಮನೆಯವರು ಕೂತು ಮಾತನಾಡಿಕೊಳ್ಳಬೇಕು. ‘ನನಗೆ ನಿದ್ರೆ ಕೆಟ್ಟ ವಾರದಲ್ಲಿ ಪಾಸ್‌ಬುಕ್, ಒಡವೆ, ಪಟ್ಟಾ ಅಣ್ಣನ ಹತ್ತಿರ ಇರಲಿ, ಯಾವ ದೊಡ್ಡ ಖರ್ಚಿಗೂ ಎರಡು ವಾರ ಕಳೆದ ಮೇಲೆ ನಿರ್ಧಾರ’ ಎಂದು ರೋಗಿಯೇ ಒಪ್ಪಿ ಬರೆದಿಡಲಿ. ಮನಸ್ಸು ಸ್ವಾಧೀನದಲ್ಲಿಲ್ಲದಾಗ ಮಾಡಿದ ಕರಾರು 1872ರ ಕರಾರು ಕಾಯಿದೆಯ ಪ್ರಕಾರ ನಿಲ್ಲುವುದಿಲ್ಲ, ನಿಜ. ಆದರೆ ಅದನ್ನು ಕೋರ್ಟಿನಲ್ಲಿ ರುಜುವಾತು ಮಾಡುವ ಹೊತ್ತಿಗೆ ಎಷ್ಟೋ ಹಂಗಾಮುಗಳು ಕಳೆದಿರುತ್ತವೆ. ಮುಂದೆ ಕಾಯಿಲೆ ಏರಿದಾಗ ತನಗೆ ಯಾವ ಚಿಕಿತ್ಸೆ ಬೇಕು, ಬೇಡ, ತನ್ನ ಪರವಾಗಿ ಯಾರು ಮಾತನಾಡಬೇಕು ಎಂದು ಮೊದಲೇ ಬರೆದಿಡುವ ಹಕ್ಕನ್ನೂ 2017ರ ಕಾಯಿದೆ ಕೊಟ್ಟಿದೆ. ಇನ್ನು ಜಾಮೀನಿಗೆ ಸಹಿ ಹಾಕಿಸಿಕೊಳ್ಳುವ ನೆರೆಯವರಿಗೆ ಒಂದು ಮಾತು: ನಡುರಾತ್ರಿ ಬಂದು ಉದಾರವಾಗಿ ಸಹಿ ಹಾಕುವವನ ಸಹಿ ತೆಗೆದುಕೊಳ್ಳಬೇಡಿ.

ಹೊಲಕ್ಕೆ ಹೊಡೆಯುವ ಔಷಧವನ್ನು ಮನೆಯೊಳಗೆ, ಮಂಚದ ಕೆಳಗೆ ಇಡುವ ರೂಢಿ ಬಿಡಬೇಕು. ಇಳಿತದಲ್ಲಿರುವವನ ಸಾಯುವ ಯೋಚನೆ ಎಷ್ಟೋ ಸಲ ಕೆಲವೇ ಗಂಟೆಗಳದ್ದು. ಆ ಗಂಟೆಗಳಲ್ಲಿ ಡಬ್ಬಿ ಕೈಗೆ ಸಿಗದಿದ್ದರೆ ಮನುಷ್ಯ ಉಳಿಯುತ್ತಾನೆ. ಬೇಕಾದಷ್ಟೇ ತನ್ನಿ, ಪೆಟ್ಟಿಗೆಗೆ ಬೀಗ ಹಾಕಿ, ಬೀಗದ ಕೈ ಬೇರೆಯವರ ಹತ್ತಿರವಿರಲಿ. ಲಿಥಿಯಂ ಮಾತ್ರೆಯ ಪಟ್ಟಿಗಳನ್ನೂ ಮನೆಯವರೇ ಇಟ್ಟುಕೊಂಡು ದಿನದ್ದು ದಿನ ಕೊಡಲಿ. ‘ಸಾಯುವ ಯೋಚನೆ ಬರುತ್ತಾ’ ಎಂದು ನೇರವಾಗಿ ಕೇಳಿದರೆ ಆ ಯೋಚನೆಯನ್ನು ಹುಟ್ಟಿಸಿದಂತಾಗುವುದಿಲ್ಲ. ಕೇಳಿ. ಹೌದೆಂದರೆ ಜೊತೆಯಲ್ಲೇ ಇದ್ದು ಕರೆತನ್ನಿ.

ಎಲ್ಲಿಗೆ ಎಂದರೆ, ಧರ್ಮಪುರಿ ಮತ್ತು ಸೇಲಂ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿಗೆ. ಹೊಸೂರು, ಡೆಂಕಣಿಕೋಟೆ ಕಡೆಯವರಿಗೆ, ಕನ್ನಡದಲ್ಲೇ ಮಾತನಾಡಬೇಕೆನ್ನುವವರಿಗೆ ಬೆಂಗಳೂರಿನ ನಿಮ್ಹಾನ್ಸ್ ಹೊಸೂರು ರಸ್ತೆಯಲ್ಲೇ ಇದೆ. ಪಾಲಕ್ಕೋಡು, ಮಾರಂಡಹಳ್ಳಿ, ರಾಯಕೋಟೆಯವರಿಗೆ ಸೇಲಂ-ಬೆಂಗಳೂರು ರೈಲು ಮಾರ್ಗವೂ ಉಂಟು. ಹೊತ್ತಲ್ಲದ ಹೊತ್ತಿನಲ್ಲಿ ಮಾತನಾಡಬೇಕಾದರೆ 14416ಕ್ಕೆ ಫೋನು ಮಾಡಬಹುದು. ಅದು 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಸೇವೆ, ಹಗಲೂ ರಾತ್ರಿಯೂ ಇರುತ್ತದೆ, ಹಣ ಕೊಡಬೇಕಿಲ್ಲ. ಬರುವಾಗ ರೋಗಿಯ ಜೊತೆ ಅವನೊಡನೆ ಒಂದೇ ಮನೆಯಲ್ಲಿ ಮಲಗುವ ಒಬ್ಬರು ಬರಬೇಕು, ಏಕೆಂದರೆ ರಾತ್ರಿಯ ಸಂಗತಿ ಅವರಿಗೇ ಗೊತ್ತು. ಆ ಕ್ಯಾಲೆಂಡರನ್ನೂ ಹಳೆಯ ಔಷಧದ ಚೀಟಿಗಳನ್ನೂ ಮರೆಯದೆ ತನ್ನಿ. ಈಗ ಯಾರಾದರೂ ಕೇಳುವುದಿದ್ದರೆ ಕೇಳಬಹುದು. ಎಲ್ಲರ ಎದುರು ಬೇಡವೆಂದರೆ ಸಭೆ ಮುಗಿದ ಮೇಲೂ ನಾನು ಇಲ್ಲೇ ಇರುತ್ತೇನೆ.